ಜೊಂಡಿನೊಳಗಿನ ಹೂಂಕಾರ

2008ರ ಜನವರಿಯಲ್ಲಿ ಇಂಗ್ಲೆಂಡಿನ ನಾರ್ಫೋಕ್ ಕೌಂಟಿಯ ಕ್ಲೈ ಎಂಬ ಕಡಲಂಚಿನ ಹಳ್ಳಿಗೆ ಜನ ದಂಡುಗಟ್ಟಿ ಬಂದರು. ಅಲ್ಲೊಂದು ಮನೆಯಂಗಳದಲ್ಲಿ ಉತ್ತರ ಅಮೆರಿಕದ ಬಿಳಿನೆತ್ತಿ ಗುಬ್ಬಿ ಕಾಳು ಹೆಕ್ಕುತ್ತಿತ್ತು. ತಲೆಯ ಮೇಲೆ ಕಪ್ಪು-ಬಿಳಿ ಪಟ್ಟೆಗಳಿರುವ ಈ ಪುಟ್ಟ ಹಕ್ಕಿ ಅಟ್ಲಾಂಟಿಕ್ ದಾಟಿ ಬ್ರಿಟನ್ನಿಗೆ ಬರುವುದು ತೀರಾ ಅಪರೂಪ. ನೋಡಲು ಬಂದವರು ಹಾಕಿದ ಕಾಣಿಕೆ 6,000 ಪೌಂಡ್ ಮೀರಿತು. ಆ ಹಣ ಊರಿನ ಸೇಂಟ್ ಮಾರ್ಗರೆಟ್ ಚರ್ಚಿಗೆ ಸಂದಿತು. ಚರ್ಚಿನ ಬಣ್ಣದ ಗಾಜಿನ ಕಿಟಕಿಯಲ್ಲಿ ಆ ಗುಬ್ಬಿಯ ಚಿತ್ರವೂ ಸೇರಿಕೊಂಡಿತು.

ನಾರ್ಫೋಕಿಗೆ ಇಂಥ ಅತಿಥಿಗಳು ಹೊಸಬರಲ್ಲ. ಉತ್ತರ ಸಮುದ್ರದೊಳಕ್ಕೆ ಚಾಚಿಕೊಂಡ ನೆಲವಾದ್ದರಿಂದ ಗಾಳಿಗೆ ದಿಕ್ಕು ತಪ್ಪಿದ ವಲಸೆ ಹಕ್ಕಿಗಳು ಮೊದಲು ಇಲ್ಲೇ ಇಳಿಯುತ್ತವೆ. ಟಿಚ್‌ವೆಲ್‌ ಜೌಗಿನಲ್ಲಿ 1993ರಿಂದ 2005ರವರೆಗೆ ಒಂಟಿ ಮೆಟ್ಟುಗಾಲು ಹಕ್ಕಿಯೊಂದು ನೆಲೆಸಿತ್ತು. ಜನ ಅದಕ್ಕೆ ಸ್ಯಾಮಿ ಎಂದು ಹೆಸರಿಟ್ಟು, ಅದನ್ನು ನೋಡಲೆಂದೇ ದೂರದೂರದಿಂದ ಬರುತ್ತಿದ್ದರು. ಕರ್ನಾಟಕದ ಕೆರೆಗಳ ಕೆಸರಿನಲ್ಲಿ ಗುಂಪುಗುಂಪಾಗಿ ಓಡಾಡುವ ಹಕ್ಕಿಯೇ ಅದು. ಅಪರೂಪ ಎನ್ನುವುದು ಹಕ್ಕಿಯ ಗುಣವಲ್ಲ, ನೋಡುವವರು ನಿಂತ ಜಾಗದ ಲೆಕ್ಕ.

ಹಾದಿ ತಪ್ಪಿ ಬಂದ ಹಕ್ಕಿಯಿಂದ ಸಂಭ್ರಮವೇನೋ ಸಿಗುತ್ತದೆ, ನೆಲದ ಬಗ್ಗೆ ಹೆಚ್ಚೇನೂ ತಿಳಿಯುವುದಿಲ್ಲ. ತನ್ನದೇ ನೆಲದಲ್ಲಿ ಅಪರೂಪವಾಗಿಬಿಟ್ಟ ಹಕ್ಕಿಯ ಕಥೆ ಬೇರೆ. ನಾರ್ಫೋಕಿನ ಮಟ್ಟಿಗೆ ಆ ಹಕ್ಕಿ ಬಿಟರ್ನ್. ಬಕಪಕ್ಷಿಗಳ ಬಳಗದ್ದು, ಒಣಜೊಂಡಿನ ಬಣ್ಣದ್ದು. ಅಪಾಯ ಕಂಡರೆ ಕೊಕ್ಕನ್ನು ಆಕಾಶಕ್ಕೆ ಮಾಡಿ ಜೊಂಡಿನ ನಡುವೆ ಅಲುಗದೆ ನಿಲ್ಲುತ್ತದೆ. ಎದೆಯ ಕಂದು ಗೀಟುಗಳು ಜೊಂಡಿನ ಕಡ್ಡಿಗಳೊಂದಿಗೆ ಬೆರೆತು, ಎದುರಿಗಿದ್ದರೂ ಕಣ್ಣಿಗೆ ಬೀಳುವುದಿಲ್ಲ. ಆದರೆ ವಸಂತದಲ್ಲಿ ಗಂಡು ಬಿಟರ್ನ್ ಗಂಟಲಿಗೆ ಗಾಳಿ ತುಂಬಿಕೊಂಡು ಹೂಂಕರಿಸಿತೆಂದರೆ, ಖಾಲಿ ಸೀಸೆಯ ಬಾಯಿಗೆ ಊದಿದಂಥ ಆ ಸದ್ದು ಹಲವು ಕಿಲೋಮೀಟರ್ ದೂರಕ್ಕೆ ಕೇಳುತ್ತದೆ.

ಈ ಸದ್ದು ಹೇಗೆ ಹೊರಡುತ್ತದೆ ಎಂಬುದು ಹಳೆಯ ಪ್ರಶ್ನೆ. ಹಕ್ಕಿ ಜೊಂಡಿನ ಕೊಳವೆಗೆ ಕೊಕ್ಕಿಟ್ಟು ಊದುತ್ತದೆ ಎಂದು ಕೆಲವರು, ನೀರಿಗೋ ಕೆಸರಿಗೋ ಕೊಕ್ಕು ಅದ್ದಿ ಊದುತ್ತದೆ ಎಂದು ಇನ್ನು ಕೆಲವರು ನಂಬಿದ್ದರು. ನಾರ್ಫೋಕಿನದೇ ನಾರ್ವಿಚ್ ನಗರದ ವೈದ್ಯ ಸರ್ ಥಾಮಸ್ ಬ್ರೌನ್ ಇದನ್ನು ಒಪ್ಪಲಿಲ್ಲ. ಜನರ ತಪ್ಪು ನಂಬಿಕೆಗಳನ್ನು ಒಂದೊಂದಾಗಿ ಪರೀಕ್ಷೆಗೊಡ್ಡಿ 1646ರಲ್ಲಿ ದೊಡ್ಡ ಗ್ರಂಥವನ್ನೇ ಪ್ರಕಟಿಸಿದವನು ಆತ. ಕೊಕ್ಕು ನೀರಿನಿಂದಲೂ ಜೊಂಡಿನಿಂದಲೂ ದೂರವಿದ್ದಾಗಲೇ ಹಕ್ಕಿ ಕೂಗಿದ್ದನ್ನು ಕಂಡವರಿದ್ದಾರೆ ಎಂದು ವಿಚಾರಿಸಿ ತಿಳಿದುಕೊಂಡ. ಒಂದು ಬಿಟರ್ನನ್ನು ತೋಟದಲ್ಲಿ ಎರಡು ವರ್ಷ ಸಾಕಿ, ಮೀನು, ಇಲಿ, ಕಪ್ಪೆ ತಿನ್ನಿಸಿದ. ಇದೇ ಹಕ್ಕಿ ಒಳ್ಳೆಯ ಊಟ ಎಂದೂ ಅವನ ಟಿಪ್ಪಣಿಯಲ್ಲಿದೆ! ಆಗ ಅದು ಅಲ್ಲಿ ಅಷ್ಟು ಸಾಮಾನ್ಯವಾಗಿತ್ತು.

ಆಮೇಲೆ ಜೌಗಿನ ನೀರು ಬಸಿದು ಹೊಲ ಮಾಡಿದರು. ಬೇಟೆ ನಡೆಯಿತು, ಸಂಗ್ರಹಕಾರರು ಮೊಟ್ಟೆ ಒಯ್ದರು. 19ನೆಯ ಶತಮಾನ ಮುಗಿಯುವ ಹೊತ್ತಿಗೆ ಬ್ರಿಟನ್ನಿನಲ್ಲಿ ಬಿಟರ್ನ್ ಗೂಡು ಕಟ್ಟುವುದೇ ನಿಂತುಹೋಗಿತ್ತು. 1911ರಲ್ಲಿ ಛಾಯಾಗ್ರಾಹಕಿ ಎಮ್ಮಾ ಟರ್ನರ್, ಜೌಗಿನ ಕಾವಲುಗಾರ ಜಿಮ್ ವಿನ್ಸೆಂಟ್ ಜೊತೆಗೂಡಿ, ನಾರ್ಫೋಕಿನ ಸಟನ್ ಬ್ರಾಡ್ ಕೆರೆಯ ಜೊಂಡಿನಲ್ಲಿ ಬಿಟರ್ನ್ ಮರಿಯನ್ನು ಪತ್ತೆಹಚ್ಚಿ ಚಿತ್ರ ತೆಗೆದಳು. ಹಕ್ಕಿ ಮರಳಿತ್ತು.

ಮರಳಿದ್ದು ಉಳಿಯಬೇಕಲ್ಲ! 1997ರಲ್ಲಿ ಇಡೀ ಬ್ರಿಟನ್ನಿನಲ್ಲಿ ಹೂಂಕರಿಸುವ ಗಂಡುಗಳು ಕೇವಲ 11. ಕಾಣದ ಹಕ್ಕಿಯನ್ನು ಎಣಿಸಿದ್ದು ಕಿವಿಯಿಂದ: ಪ್ರತಿ ಗಂಡಿನ ಹೂಂಕಾರಕ್ಕೂ ತನ್ನದೇ ಛಾಪು ಇರುವುದರಿಂದ ಧ್ವನಿಮುದ್ರಣ ನೋಡಿ ಇದು ಆ ಹಕ್ಕಿ, ಅದು ಈ ಹಕ್ಕಿ ಎಂದು ಬಿಡಿಸಿ ಹೇಳಬಹುದು. ಕೆಲವಕ್ಕೆ ರೇಡಿಯೋ ಪಟ್ಟಿ ಕಟ್ಟಿ ಬೆನ್ನುಹತ್ತಿದಾಗ ಹಕ್ಕಿ ಕಡಿಮೆಯಾದ ಕಾರಣ ತಿಳಿಯಿತು. ಬಿಟರ್ನಿಗೆ ಬೇಕಾದದ್ದು ಬುಡದಲ್ಲಿ ಒಂದು ಗೇಣು ನೀರು ನಿಂತ ಜೊಂಡು, ಅದರಂಚಿನಲ್ಲಿ ಮೀನು ಹಿಡಿಯಲು ಹೊಂಡ-ಕಾಲುವೆ. ಜೊಂಡುಗಾವಲನ್ನು ಅದರ ಪಾಡಿಗೆ ಬಿಟ್ಟರೆ ಉದುರಿದ ಕಸ ವರ್ಷವರ್ಷವೂ ಪೇರಿಕೊಂಡು ನೆಲ ಮೇಲೇಳುತ್ತದೆ, ಒಣಗುತ್ತದೆ, ವಿಲ್ಲೋ ಪೊದೆ ಆವರಿಸುತ್ತದೆ. ಆದ್ದರಿಂದ ಜೊಂಡು ಕೊಯ್ಯಬೇಕು, ಹೂಳು ತೆಗೆಯಬೇಕು, ನೀರು ಕಟ್ಟಬೇಕು. ಕೆಲಸ ನಡೆಯಿತು, ಈಗ ಗಂಡುಗಳ ಸಂಖ್ಯೆ 200 ದಾಟಿದೆ.

ಪ್ರಕೃತಿಯನ್ನು ಮುಟ್ಟದಿರುವುದೇ ಸಂರಕ್ಷಣೆ ಎನ್ನುವವರು ನಾರ್ಫೋಕನ್ನೊಮ್ಮೆ ನೋಡಬೇಕು. ಬಿಟರ್ನ್‌ಗಳ ನೆಲೆಯಾದ ಬ್ರಾಡ್ಸ್ ಎಂಬ ಕೆರೆಗಳೇ ಮಧ್ಯಯುಗದ ಜನ ಉರುವಲಿಗಾಗಿ ಪೀಟ್ ಮಣ್ಣು ಅಗೆದ ಗುಂಡಿಗಳು. ಜಾಯ್ಸ್ ಲ್ಯಾಂಬರ್ಟ್ ಎಂಬ ಸಸ್ಯವಿಜ್ಞಾನಿ 1950ರ ದಶಕದಲ್ಲಿ ಇದನ್ನು ತೋರಿಸಿಕೊಡುವವರೆಗೆ ಅವು ನಿಸರ್ಗದ್ದೇ ಎಂದು ಎಲ್ಲರೂ ತಿಳಿದಿದ್ದರು.

ಕ್ಲೈ ಜೌಗನ್ನು 1926ರಲ್ಲಿ ಹಕ್ಕಿಗಳಿಗಾಗಿಯೇ ಕೊಂಡು ಕಾಯ್ದಿರಿಸಿದರು. ಆದರೆ 2013ರ ಡಿಸೆಂಬರ್ 5ರ ರಾತ್ರಿ ಕಡಲುಬ್ಬರ ಅಲ್ಲಿನ ದಿಬ್ಬವನ್ನು ದಾಟಿ ಸಿಹಿನೀರಿನ ಜೊಂಡಿಗೆ ಉಪ್ಪುನೀರು ನುಗ್ಗಿಸಿತು. ಸಮುದ್ರಮಟ್ಟ ಏರುತ್ತಿರುವಾಗ ಕರಾವಳಿಯ ಜೊಂಡನ್ನಷ್ಟೇ ನೆಚ್ಚಿ ಕೂರುವಂತಿಲ್ಲ. ಅದಕ್ಕಾಗಿಯೇ ಕೌಂಟಿಯ ಗಡಿಯಾಚೆ, ಸಫೋಕಿನ ಲೇಕನ್‌ಹೀತ್‌ನಲ್ಲಿ, ಗಜ್ಜರಿ ಬೆಳೆಯುತ್ತಿದ್ದ ಹೊಲಗಳನ್ನು 1990ರ ದಶಕದಲ್ಲಿ ಕೊಂಡು, ನೀರು ಹಾಯಿಸಿ, ಜೊಂಡು ನೆಟ್ಟರು. 2007ರಲ್ಲಿ ಅಲ್ಲಿ ಕ್ರೌಂಚಗಳು ಗೂಡು ಕಟ್ಟಿದವು, 2009ರಲ್ಲಿ ಬಿಟರ್ನ್.