ರೊಕ್ಕ, ಸಾಲ, ಸಹಿ: ಹೈಸ್ಕೂಲು ಮಕ್ಕಳಿಗೆ ತಿಳಿಯಬೇಕಾದ ಸತ್ಯಗಳು

ಆಳಂದ, ಅಫಜಲಪುರ, ಜೇವರ್ಗಿ ತಾಲೂಕುಗಳ ಹೈಸ್ಕೂಲು ಮಕ್ಕಳಿಗೆ ರೊಕ್ಕದ ವ್ಯವಹಾರ ಹೊಸದಲ್ಲ. ತೊಗರಿ ರಾಶಿಯಾದ ಮೇಲೆ ಅಡತಿ ಅಂಗಡಿಯಲ್ಲಿ ಲೆಕ್ಕ ಚುಕ್ತಾ ಆಗುವಾಗ ಅಪ್ಪನ ಪಕ್ಕ ನಿಂತಿರುವವರು ಅವರು. ಮನೆಯವರು ಪುಣೆ, ಮುಂಬೈ, ಬೆಂಗಳೂರಿಗೆ ಗುಳೆ ಹೋದಾಗ ಅಜ್ಜಿಯ ಜೊತೆ ಊರಲ್ಲಿ ಉಳಿದು, ಹಣ ಬಂದ ಸಂದೇಶವನ್ನು ಮೊಬೈಲಿನಲ್ಲಿ ಓದಿ ಹೇಳುವವರೂ ಅವರೇ. ಹೀಗಿದ್ದರೂ ಹಣಕಾಸು ಮಕ್ಕಳ ವಿಷಯವಲ್ಲ, ಅದು ಪಠ್ಯದಲ್ಲೂ ಇಲ್ಲ ಎಂಬ ನಂಬಿಕೆ ಶಾಲೆಗಳಲ್ಲಿ ಗಟ್ಟಿಯಾಗಿದೆ. ಪಠ್ಯದಲ್ಲಿ ಅದು ಇದೆ. 8ನೇ ತರಗತಿಯ ಗಣಿತದಲ್ಲಿ ಚಕ್ರಬಡ್ಡಿ ಬರುತ್ತದೆ, 10ನೇ ತರಗತಿಯ ಸಮಾಜ ವಿಜ್ಞಾನದಲ್ಲಿ ಬ್ಯಾಂಕ್ ವ್ಯವಹಾರ ಬರುತ್ತದೆ. ಶಿಕ್ಷಕರು ಹೊಸ ವಿಷಯ ಕಲಿತು ಬರಬೇಕಿಲ್ಲ. ಆ ಪಾಠಗಳನ್ನು ಊರಿನ ಲೆಕ್ಕಕ್ಕೆ ಹಚ್ಚಿದರೆ ಸಾಕು.

ಆ ಲೆಕ್ಕದಲ್ಲಿ ಮೊದಲು ತಿದ್ದಬೇಕಾದದ್ದು ಬಡ್ಡಿಯ ಕುರಿತ ತಪ್ಪು ಕಲ್ಪನೆ. ‘ನೂರಕ್ಕೆ ಮೂರು ರೂಪಾಯಿ’ ಎಂದಾಗ ಬಹಳ ಮಕ್ಕಳು ಅದನ್ನು ಬ್ಯಾಂಕಿನ ಶೇ 3ರ ಹಾಗೆಯೇ ಎಣಿಸುತ್ತಾರೆ. ಊರಿನ ಬಡ್ಡಿ ತಿಂಗಳಿನದು, ಬ್ಯಾಂಕು ಹೇಳುವ ದರ ವರ್ಷದ್ದು. ನೂರಕ್ಕೆ ಮೂರು ಎಂದರೆ ವರ್ಷಕ್ಕೆ ಶೇ 36. ಜೂನ್‌ನಲ್ಲಿ ಬಿತ್ತನೆಗೆಂದು ತಂದ 50,000 ರೂಪಾಯಿಗೆ ತಿಂಗಳಿಗೆ 1,500ರಂತೆ, ತೊಗರಿ ಮಾರಾಟವಾಗುವ ಜನವರಿ ಮುಗಿಯುವ ಹೊತ್ತಿಗೆ ಎಂಟು ತಿಂಗಳಲ್ಲಿ ಬಡ್ಡಿಯೇ 12,000 ಆಗುತ್ತದೆ. ಸಹಕಾರ ಸಂಘದ ಅಲ್ಪಾವಧಿ ಬೆಳೆ ಸಾಲ ಕರ್ನಾಟಕದಲ್ಲಿ 5 ಲಕ್ಷ ರೂಪಾಯಿವರೆಗೆ ಶೂನ್ಯ ಬಡ್ಡಿಯದು, ಆದರೆ ಹೇಳಿದ ಅವಧಿಯೊಳಗೆ ಕಟ್ಟಬೇಕು. ಈ ಎರಡು ಲೆಕ್ಕವನ್ನು ಹಲಗೆಯ ಮೇಲೆ ಅಕ್ಕಪಕ್ಕ ಬರೆಸಿದರೆ, ಸೊಸೈಟಿಯ ಕಾಗದಪತ್ರಕ್ಕೆ ಅಲೆದಾಡುವುದು ಯಾಕೆ ಲಾಭ ಎಂಬುದು ಮಕ್ಕಳಿಗೆ ತಾನಾಗಿ ಕಾಣುತ್ತದೆ.

ಖಾಸಗಿ ಸಾಲಕ್ಕೆ ಕಾನೂನೇ ಇಲ್ಲ ಎಂಬುದೂ ತಪ್ಪು. ಕರ್ನಾಟಕ ಲೇವಾದೇವಿದಾರರ ಕಾಯ್ದೆ 1961ರದು. ಅದರ ಅಡಿಯಲ್ಲಿ ಸರ್ಕಾರ ನಿಗದಿ ಮಾಡಿರುವ ಗರಿಷ್ಠ ಬಡ್ಡಿ ಒತ್ತೆ ಇಟ್ಟ ಸಾಲಕ್ಕೆ ವರ್ಷಕ್ಕೆ ಶೇ 14, ಒತ್ತೆಯಿಲ್ಲದ ಸಾಲಕ್ಕೆ ಶೇ 16. ವಸೂಲಿಗಾಗಿ ಮನೆಗೆ ಬಂದು ಬೆದರಿಸುವುದನ್ನು, ಕಿರುಕುಳ ಕೊಡುವುದನ್ನು 2025ರ ಕಿರುಸಾಲ ಕಾನೂನು ಶಿಕ್ಷಾರ್ಹ ಅಪರಾಧ ಮಾಡಿದೆ.

ಮಕ್ಕಳ ಮನಸ್ಸಿಗೆ ಎಲ್ಲಕ್ಕಿಂತ ಭಾರವಾಗುವ ನಂಬಿಕೆ ಇನ್ನೊಂದು: ಅಪ್ಪನ ಸಾಲ ಮಗನ ತಲೆಗೆ. ಬರ ಬಿದ್ದ ವರ್ಷ ಓದು ಬಿಟ್ಟು ದುಡಿಯಲು ಹೊರಡುವ ಹುಡುಗರು ಎಷ್ಟೋ ಸಲ ಇದನ್ನೇ ನಂಬಿ ಹೊರಡುತ್ತಾರೆ. ಕಾನೂನಿನಲ್ಲಿ ತಂದೆಯ ಸಾಲಕ್ಕೆ ಮಗ ಅಥವಾ ಮಗಳು ವೈಯಕ್ತಿಕವಾಗಿ ಹೊಣೆಯಲ್ಲ. ತಂದೆ ತೀರಿಕೊಂಡ ಮೇಲೆ ಅವರಿಂದ ಬಂದ ಆಸ್ತಿಯ ಬೆಲೆ ಎಷ್ಟೋ ಅಷ್ಟರ ಮಟ್ಟಿಗೆ ಮಾತ್ರ ವಾರಸುದಾರರಿಂದ ವಸೂಲಿ ಮಾಡಬಹುದು. ಹಿಂದೂ ಕುಟುಂಬಗಳಲ್ಲಿ ತಂದೆಯ ಸಾಲ ತೀರಿಸುವುದು ಮಗನ ಧರ್ಮ ಎಂಬ ಹಳೆಯ ಹೊಣೆಯನ್ನು, ಹಿಂದೂ ಉತ್ತರಾಧಿಕಾರ ಕಾಯ್ದೆಯ ತಿದ್ದುಪಡಿ 2005ರ ಸೆಪ್ಟೆಂಬರ್ 9ರ ನಂತರದ ಸಾಲಗಳ ಮಟ್ಟಿಗೆ ತೆಗೆದುಹಾಕಿದೆ. ಆದರೆ ಹೊಲವನ್ನೇ ಅಡವಿಟ್ಟು ತೆಗೆದ ಸಾಲವಿದ್ದರೆ ಆ ಹೊಲದ ಮೇಲಿನ ಬ್ಯಾಂಕಿನ ಹಕ್ಕು ಉಳಿದೇ ಉಳಿಯುತ್ತದೆ. ಶಿಕ್ಷಕರು ಈ ಎರಡನ್ನೂ ಒಟ್ಟಿಗೇ ಹೇಳಬೇಕು. ಅರ್ಧ ಸತ್ಯ ಹೇಳಿದರೆ ಮನೆಯಲ್ಲಿ ಜಗಳವಾಗುತ್ತದೆ.

ತಾನೇ ಸಹಿ ಹಾಕಿದ ಸಾಲದ ಮಾತು ಬೇರೆ. ಜಾಮೀನು ಎಂದರೆ ಬರೀ ಸಾಕ್ಷಿ, ಗೆಳೆಯನಿಗೆ ಮಾಡುವ ಉಪಕಾರ ಎಂದು ಹದಿನೆಂಟು ತುಂಬಿದ ಹುಡುಗರು ಭಾವಿಸುತ್ತಾರೆ. ಬೇರೆ ಷರತ್ತು ಬರೆದುಕೊಳ್ಳದಿದ್ದರೆ, ಭಾರತೀಯ ಕರಾರು ಕಾಯ್ದೆ 1872ರ ಪ್ರಕಾರ ಜಾಮೀನುದಾರನ ಹೊಣೆ ಸಾಲಗಾರನ ಹೊಣೆಯಷ್ಟೇ. ಸಾಲಗಾರ ಕಟ್ಟದಿದ್ದರೆ ಬ್ಯಾಂಕು ನೇರವಾಗಿ ಜಾಮೀನುದಾರನನ್ನೇ ಹಿಡಿಯಬಹುದು. ಅದೇ ಕಾಯ್ದೆಯಡಿ 18 ತುಂಬದವರು ಮಾಡಿಕೊಂಡ ಕರಾರು ಊರ್ಜಿತವಲ್ಲ. ಹಾಗಾಗಿ ಹದಿನೆಂಟನೇ ಹುಟ್ಟುಹಬ್ಬದಂದು ಮತದ ಹಕ್ಕಿನ ಜೊತೆಗೆ ಸಹಿಯ ಹೊಣೆಯೂ ಬರುತ್ತದೆ. ಖಾಲಿ ಕಾಗದಕ್ಕೂ ಓದದ ಕಾಗದಕ್ಕೂ ಸಹಿ ಹಾಕಬಾರದು ಎಂಬುದನ್ನು ಅದಕ್ಕೆ ಮುಂಚೆಯೇ ರೂಢಿ ಮಾಡಿಸಬೇಕು.

ಹೆಣ್ಣುಮಕ್ಕಳ ಪಾಲಿಗೆ ಈ ಮಾತಿಗೆ ಇನ್ನಷ್ಟು ತೂಕವಿದೆ. ಮದುವೆಗೆ ಖರ್ಚು ಮಾಡಿದ ಮೇಲೆ ತವರಿನ ಹೊಲದಲ್ಲಿ ಮಗಳಿಗೆ ಪಾಲಿಲ್ಲ ಎಂಬುದು ಸುಳ್ಳು. ಪಿತ್ರಾರ್ಜಿತ ಆಸ್ತಿಯಲ್ಲಿ ಹಿಂದೂ ಕುಟುಂಬದ ಮಗಳಿಗೆ ಹುಟ್ಟಿನಿಂದಲೇ ಮಗನಷ್ಟೇ ಹಕ್ಕಿದೆ ಎಂದು ಸುಪ್ರೀಂ ಕೋರ್ಟ್ 2020ರ ಆಗಸ್ಟ್ 11ರಂದು ಸ್ಪಷ್ಟಪಡಿಸಿತು. ಮುಸ್ಲಿಂ ಕುಟುಂಬಗಳಿಗೆ ಬೇರೆ ಕಾನೂನಿದೆ. ಅಲ್ಲಿಯೂ ಮಗಳಿಗೆ ಪಾಲಿದೆ. ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕುವುದು, ಬಿಡುವುದು ಅವಳ ಇಷ್ಟ.

ಬ್ಯಾಂಕ್ ಖಾತೆಗೆ 18 ವರ್ಷ ಆಗಬೇಕು ಎಂಬ ಮಾತೂ ಸರಿಯಲ್ಲ. 10 ವರ್ಷ ತುಂಬಿದ ಮಕ್ಕಳು, ಬ್ಯಾಂಕು ಹಾಕುವ ಮಿತಿಯೊಳಗೆ, ತಮ್ಮ ಉಳಿತಾಯ ಖಾತೆಯನ್ನು ತಾವೇ ನಡೆಸಲು ರಿಸರ್ವ್ ಬ್ಯಾಂಕ್ ಅವಕಾಶ ಕೊಟ್ಟಿದೆ. ಖಾತೆ ಇದ್ದರೂ ವಿದ್ಯಾರ್ಥಿವೇತನ ಬಾರದೇ ಇರುವುದಕ್ಕೆ ಸಾಮಾನ್ಯ ಕಾರಣ ಬೇರೆ. ಖಾತೆಗೆ ಆಧಾರ್ ಪ್ರತಿ ಕೊಟ್ಟರೆ ಜೋಡಣೆ ಮುಗಿಯಿತು ಎಂದು ಪಾಲಕರು ತಿಳಿಯುತ್ತಾರೆ. ಸರ್ಕಾರದ ನೇರ ನಗದು ಬರುವುದು ರಾಷ್ಟ್ರೀಯ ಪಾವತಿ ನಿಗಮದ (ಎನ್‌ಪಿಸಿಐ) ಪಟ್ಟಿಯಲ್ಲಿ ಆಧಾರ್ ಜೊತೆ ದಾಖಲಾದ ಖಾತೆಗೆ. ಅದಕ್ಕೆ ಬ್ಯಾಂಕಿನಲ್ಲಿ ಒಪ್ಪಿಗೆ ಪತ್ರ ಕೊಡಬೇಕು, ಎರಡು ಖಾತೆ ಇದ್ದರೆ ಕೊನೆಗೆ ದಾಖಲಾದುದಕ್ಕೆ ಹಣ ಹೋಗುತ್ತದೆ.

ಮೊಬೈಲಿನ ವಿಷಯದಲ್ಲಿ ಎರಡು ಮಾತು ಸಾಕು. ಹಣ ಪಡೆಯಲು ಯುಪಿಐ ಪಿನ್ ಬೇಕಾಗಿಲ್ಲ; ಪಿನ್ ಒತ್ತಿದರೆ ಹಣ ಹೋಗುತ್ತದೆ, ಬರುವುದಿಲ್ಲ. ತಿಂಗಳಿಗೆ ಇಷ್ಟು ಕೊಡುತ್ತೇವೆಂದು ಖಾತೆಯನ್ನೋ ಎಟಿಎಂ ಕಾರ್ಡನ್ನೋ ಬಾಡಿಗೆಗೆ ಕೇಳುವವರು ವಂಚನೆಯ ಹಣ ಸಾಗಿಸುವವರು. ಪೊಲೀಸರು ಮೊದಲು ಹುಡುಕಿಕೊಂಡು ಬರುವುದು ಖಾತೆಯ ಹೆಸರಿನವರನ್ನೇ. ಮೋಸವಾದರೆ ತಡಮಾಡದೆ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಕರೆ ಮಾಡಬೇಕು.

ಕೊನೆಯದು ನೌಕರಿಯ ಮಾತು. ಸಂವಿಧಾನದ 371(ಜೆ) ವಿಧಿ ಇರುವುದರಿಂದ ಕಲ್ಯಾಣ ಕರ್ನಾಟಕದವರಿಗೆ ನೌಕರಿ ಖಚಿತ ಎಂದು ನಂಬಿ ಕುಳಿತವರಿದ್ದಾರೆ. 2013ರಿಂದ ಜಾರಿಯಲ್ಲಿರುವ ಈ ವ್ಯವಸ್ಥೆ ಸ್ಥಳೀಯ ವೃಂದದ ಸಿ ಗುಂಪಿನ ಹುದ್ದೆಗಳಲ್ಲಿ ಶೇ 80, ಡಿ ಗುಂಪಿನಲ್ಲಿ ಶೇ 85 ಪಾಲು ಮೀಸಲಿಡುತ್ತದೆ. ಆ ಪಾಲಿನೊಳಗೆ ಸ್ಪರ್ಧೆ ಇದ್ದೇ ಇದೆ. ಜಾತಿ ಪ್ರಮಾಣಪತ್ರವೇ ಇದಕ್ಕೂ ಸಾಕು ಎಂಬುದು ಇನ್ನೊಂದು ತಪ್ಪು. ಇದಕ್ಕೆ ಪ್ರತ್ಯೇಕ ಅರ್ಹತಾ ಪ್ರಮಾಣಪತ್ರ ಬೇಕು, ಅದನ್ನು ಕೊಡುವವರು ಉಪವಿಭಾಗದ ಸಹಾಯಕ ಆಯುಕ್ತರು. ಈ ಮೂರೂ ತಾಲೂಕು ಕಲಬುರಗಿ ಉಪವಿಭಾಗಕ್ಕೆ ಸೇರಿವೆ. ಎಸ್ಸೆಸ್ಸೆಲ್ಸಿ ಮುಗಿಸಿ ಮಕ್ಕಳು ಊರು ಬಿಡುವ ಮುನ್ನ, ಅವರ ವ್ಯಾಸಂಗ ದಾಖಲೆಗಳು ಶಾಲೆಯಲ್ಲಿ ಕೈಗೆ ಸಿಗುವಾಗಲೇ, ಶಿಕ್ಷಕರು ಆ ಅರ್ಜಿ ಹಾಕಿಸಬೇಕು.