‘ರಿಮೂವ್’ಗೆ ಕನ್ನಡದಲ್ಲಿ ಎಷ್ಟು ಮಾತು?

ಪ್ರಶ್ನೆ: ಇಂಗ್ಲಿಷಿನ ‘ರಿಮೂವ್’ ಕ್ರಿಯಾಪದಕ್ಕೆ ಸರಿಯಾದ ಕನ್ನಡ ಪದ ಯಾವುದು? ‘ತೆಗೆ’ ಎಂದರೆ ಸಾಕೆ?
– ಓದುಗರೊಬ್ಬರು, ಕೊಪ್ಪ

ಉತ್ತರ: ‘ತೆಗೆ’ ತಪ್ಪಲ್ಲ. ಆದರೆ ಬಾಗಿಲು ತೆಗೆದರೆ ಅದು ತೆರೆಯುತ್ತದೆ, ಸಾಲ ತೆಗೆದರೆ ಹೆಗಲೇರುತ್ತದೆ! ಹಾಗಾಗಿ ಏನನ್ನು, ಎಲ್ಲಿಂದ, ಹೇಗೆ ತೆಗೆಯುತ್ತೇವೆ ಎಂಬುದನ್ನು ನೋಡಿಯೇ ಪದ ಆರಿಸಬೇಕು.

ನಿಮ್ಮ ಅಡಿಕೆ ತೋಟವನ್ನೇ ನೋಡಿ. ಮರದಿಂದ ಕೊನೆ ಕೊಯ್ಯುತ್ತೀರಿ, ಕೊನೆಯಿಂದ ಕಾಯಿ ಬಿಡಿಸುತ್ತೀರಿ, ಮೆಟ್ಟುಗತ್ತಿಯ ಮುಂದೆ ಕೂತು ಸಿಪ್ಪೆ ಸುಲಿಯುತ್ತೀರಿ. ತೋಟದ ಕಳೆ ಕೀಳುತ್ತೀರಿ, ಕಾಲಿಗೆ ಹತ್ತಿದ ಉಂಬಳವನ್ನೂ ಕೀಳುತ್ತೀರಿ. ಬೇರೂರಿದ್ದು, ಕಚ್ಚಿಕೊಂಡದ್ದು ಬಲ ಹಾಕದೆ ಬರುವುದಿಲ್ಲ. ‘ಕೀಳು’ ಪದದಲ್ಲಿ ಆ ಬಲವಿದೆ. ಶೃಂಗೇರಿಗೆ ಹೋದರೆ ದೇವಸ್ಥಾನದ ಹೊರಗೆ ಚಪ್ಪಲಿ ಕಳಚುತ್ತೀರಿ. ಊಟದ ಪಂಕ್ತಿ ಎದ್ದ ಮೇಲೆ ಎಂಜಲೆಲೆ ಎತ್ತುತ್ತಾರೆ.

ಬರಹವನ್ನು ಅಳಿಸುತ್ತೇವೆ, ಧೂಳನ್ನು ಒರೆಸುತ್ತೇವೆ, ಹತ್ತರಲ್ಲಿ ಮೂರು ಕಳೆಯುತ್ತೇವೆ. ನೌಕರಿಯಿಂದಾದರೆ ‘ವಜಾ’, ಪಕ್ಷದಿಂದಾದರೆ ‘ಉಚ್ಚಾಟನೆ’, ಅಡ್ಡಿಯಾದರೆ ‘ನಿವಾರಣೆ’. ಕೆಲವೊಮ್ಮೆ ಇವುಗಳಲ್ಲಿ ಯಾವುದೂ ಒಪ್ಪುವುದಿಲ್ಲ. ನರಸಿಂಹರಾಜಪುರ ಎಂಬ ಊರಿನ ಹಳೆಯ ಹೆಸರು ಎಡೇಹಳ್ಳಿ. ಅದನ್ನು ಯಾರೂ ಕೀಳಲಿಲ್ಲ, ಅಳಿಸಲಿಲ್ಲ, ಬದಲಾಯಿಸಿದರು. ಇಲ್ಲಿ ‘ಬದಲಾಯಿಸು’ ಎಂಬುದೇ ಸರಿಯಾದ ಮಾತು.

ಎಲ್ಲಕ್ಕೂ ‘ರಿಮೂವ್ ಮಾಡು’ ಎನ್ನುವ ರೂಢಿ ಬಂದರೆ ಈ ಸೂಕ್ಷ್ಮಗಳೆಲ್ಲ ಮಾಸಿಹೋಗುತ್ತವೆ. ಪದಕೋಶ ತೆರೆಯುವ ಮೊದಲು ಮನೆಯ ಹಿರಿಯರನ್ನು ಕೇಳಿ. ಸರಿಯಾದ ಪದ ಅವರ ನಾಲಗೆಯ ಮೇಲೇ ಇರುತ್ತದೆ.