ಬೆನ್ನು ನೆಲಕ್ಕೆ ತಾಗಿದ ಮೇಲೆ ಶುರುವಾಗುವ ಕುಸ್ತಿ

ನಮ್ಮ ಗರಡಿ ಕುಸ್ತಿಯಲ್ಲಿ ಬೆನ್ನು ಮಣ್ಣಿಗೆ ತಾಗಿದರೆ ಆಟ ಮುಗಿದಂತೆ. ಬ್ರೆಜಿಲ್‌ನ ಜಿಯು-ಜಿಟ್ಸು ಕಲಿಯಲು ಹೋದ ಹೊಸಬನಿಗೆ ಸಿಗುವ ಮೊದಲ ಪಾಠಗಳಲ್ಲೊಂದು, ಬೆನ್ನ ಮೇಲೆ ಮಲಗಿಯೇ ಹೋರಾಡುವುದು! ಅಂಗಾತ ಮಲಗಿ, ಎದುರಾಳಿಯ ಸೊಂಟವನ್ನು ಎರಡೂ ಕಾಲುಗಳಿಂದ ಸುತ್ತಿ ಹಿಡಿಯಬೇಕು. ಈ ಭಂಗಿಗೆ 'ಗಾರ್ಡ್' ಎಂದು ಹೆಸರು. ನೋಡುವವರಿಗೆ ಮೇಲಿರುವವನೇ ಗೆದ್ದಂತೆ ಕಾಣುತ್ತದೆ. ಆದರೆ ಅವನ ಒಂದು ಕೈ ಆಗಲೇ ಕೆಳಗಿನವನ ವಶವಾಗಿರಬಹುದು.

ಹೆಸರು ಬ್ರೆಜಿಲ್‌ನದಾದರೂ ವಿದ್ಯೆಯ ಬೇರು ಜಪಾನಿನಲ್ಲಿದೆ. ಜಿಗೊರೊ ಕಾನೊ 1882ರಲ್ಲಿ ಟೋಕಿಯೊದಲ್ಲಿ ಸ್ಥಾಪಿಸಿದ ಕೊಡೋಕನ್ ಜೂಡೊ ಶಾಲೆಯಲ್ಲಿ ಪಳಗಿದ ಮಿತ್ಸುಯೊ ಮಯೆದಾ, ಹಲವು ದೇಶಗಳನ್ನು ಸುತ್ತಿ 1914ರಲ್ಲಿ ಬ್ರೆಜಿಲ್‌ಗೆ ಬಂದ. ಮುಂದೆ ಬೆಲೆಂ ಪಟ್ಟಣದಲ್ಲಿ ನೆಲೆಸಿದ. ಅಲ್ಲಿಂದ ಆತನ ವಿದ್ಯೆ ಗ್ರೇಸಿ ಮನೆತನಕ್ಕೆ ಹರಿಯಿತು. ಆ ಮನೆಯ ಕಿರಿಯ ಹೇಲಿಯೊ ಸಣಕಲು ಮೈಯವನು. ಬಲದಿಂದ ಆಗದ ಪಟ್ಟುಗಳನ್ನು ಉಪಾಯದಿಂದ ಆಗುವಂತೆ ತಿದ್ದಿಕೊಂಡ ಎಂಬುದು ಮನೆಯವರು ಹೇಳಿಕೊಂಡು ಬಂದ ಕಥೆ.

ಉಪಾಯವೆಂದರೆ ಏನು? ಹಾರೆ ಕೊಟ್ಟು ಬಂಡೆ ಮೀಟುವುದನ್ನು ನೆನೆಸಿಕೊಳ್ಳಿ. 'ಆರ್ಮ್‌ಬಾರ್' ಪಟ್ಟಿನಲ್ಲಿ ಎದುರಾಳಿಯ ತೋಳನ್ನು ತೊಡೆಗಳ ನಡುವೆ ಸಿಕ್ಕಿಸಿ, ಮಣಿಕಟ್ಟನ್ನು ಎರಡೂ ಕೈಗಳಿಂದ ಎದೆಗೆ ಒತ್ತಿಕೊಂಡು, ಸೊಂಟ ಮೇಲೆತ್ತುತ್ತಾರೆ. ಅವನ ತೋಳೇ ಹಾರೆ, ಇವನ ಸೊಂಟವೇ ಆನಿಕೆ. ಒಂದು ಮೊಣಕೈ ಇಡೀ ಮೈಬಲದೊಂದಿಗೆ ಸೆಣಸಬೇಕಾದ ಸ್ಥಿತಿ! ಎಂಥ ಪೈಲ್ವಾನನಾದರೂ ಆಗ ಮಾಡಬಹುದಾದದ್ದು ಕಡಿಮೆ. ಎದುರಾಳಿಯನ್ನೋ ನೆಲವನ್ನೋ ಅಂಗೈಯಿಂದ ತಟ್ಟಿ ಸೋತೆ ಎನ್ನಬೇಕು, ಅಷ್ಟೆ.

ಹೊಸಬರಿಗೆ ಪಟ್ಟುಗಳಿಗಿಂತ ಕಷ್ಟವಾಗುವುದು ಈ ತಟ್ಟುವಿಕೆಯೇ. ಮೈಯಲ್ಲಿ ಕಸುವಿರುವ ಹುಡುಗ ಮೊದಲ ದಿನ ಉಸಿರು ಬಿಗಿಹಿಡಿದು ಕೊಸರಾಡಿ, ಎರಡೇ ನಿಮಿಷದಲ್ಲಿ ಸುಸ್ತಾಗುತ್ತಾನೆ. ತನ್ನ ಅರ್ಧ ತೂಕದವರಿಗೆ ಸೋಲುವುದೆಂದರೆ ಅವನಿಗೆ ಅವಮಾನ. ಆದರೆ ತಟ್ಟಲು ತಡಮಾಡಿದರೆ ಕೀಲಿಗೆ ಪೆಟ್ಟು. ಕತ್ತಿನ ಪಟ್ಟಿನಲ್ಲಾದರೆ ಮಿದುಳಿಗೆ ರಕ್ತ ಸಾಗದೆ ಕೆಲವೇ ಸೆಕೆಂಡುಗಳಲ್ಲಿ ಎಚ್ಚರ ತಪ್ಪುತ್ತದೆ.

ವಿಚಿತ್ರವೆಂದರೆ, ಈ ವಿದ್ಯೆಯ ಅತಿ ಪ್ರಸಿದ್ಧ ಪಂದ್ಯದಲ್ಲಿ ಹೇಲಿಯೊ ತಟ್ಟಲೇ ಇಲ್ಲ. 1951ರಲ್ಲಿ ರಿಯೊದ ಮಾರಕಾನಾ ಕ್ರೀಡಾಂಗಣದಲ್ಲಿ ಜಪಾನಿನ ಮಸಾಹಿಕೊ ಕಿಮುರಾ ಆತನ ಮಡಿಚಿದ ತೋಳನ್ನು ಬೆನ್ನ ಹಿಂದಕ್ಕೆ ತಿರುಚಿದ. ಮೂಳೆ ಮುರಿಯಿತು. ಆಗಲೂ ಹೇಲಿಯೊ ಸೋಲೊಪ್ಪಲಿಲ್ಲ. ಕೊನೆಗೆ ಅಣ್ಣ ಕಾರ್ಲೋಸ್ ಮುಂದೆ ಬಂದು ಪಂದ್ಯ ನಿಲ್ಲಿಸಬೇಕಾಯಿತು. ಗ್ರೇಸಿಗಳು ಆ ಪಟ್ಟಿಗೆ ತಮ್ಮನ್ನು ಸೋಲಿಸಿದವನ ಹೆಸರನ್ನೇ ಇಟ್ಟರು. ಇಂದಿಗೂ ಅದು 'ಕಿಮುರಾ'. ಹೇಲಿಯೊನ ಛಲ ಮೆಚ್ಚತಕ್ಕದ್ದೇ ಇರಬಹುದು. ಮರುದಿನ ಕೆಲಸಕ್ಕೆ ಹೋಗಬೇಕಾದವರು ಮಾತ್ರ ಅದನ್ನು ಅನುಸರಿಸಬಾರದು!

1993ರಲ್ಲಿ ಅಮೆರಿಕದ ಡೆನ್ವರ್‌ನಲ್ಲಿ ಬೇರೆಬೇರೆ ಕಾಳಗ ವಿದ್ಯೆಗಳವರನ್ನು ಕಾದಾಡಿಸಿದಾಗ, ಹೇಲಿಯೊನ ಮಗ ರಾಯ್ಸ್ ಒಂದೇ ರಾತ್ರಿ ಮೂವರನ್ನು ಸೋಲಿಸಿ ಗೆದ್ದ. ಈ ವಿದ್ಯೆ ಜಗತ್ತಿಗೆಲ್ಲ ಗೊತ್ತಾದದ್ದು ಆಮೇಲೆ.

ಬಿಳಿ ಪಟ್ಟಿ ಕಟ್ಟಿಕೊಂಡ ಹೊಸಬ ನೀಲಿ ಪಟ್ಟಿಗೆ ಏರಲು ಸಾಮಾನ್ಯವಾಗಿ ಒಂದೆರಡು ವರ್ಷ ಬೇಕು. ಅಷ್ಟರಲ್ಲಿ ಅವನು ಸಾವಿರ ಸಲವಾದರೂ ತಟ್ಟಿರುತ್ತಾನೆ. ಪ್ರತಿ ಸಲವೂ ಹಿಡಿತ ಸಡಿಲವಾಗುತ್ತದೆ, ಇಬ್ಬರೂ ಕೈ ಕುಲುಕುತ್ತಾರೆ, ಮತ್ತೆ ಎದುರುಬದುರು ಕೂರುತ್ತಾರೆ.